ಎತ್ವ ಬಿದ್ದುಹೋದ ಹೆಂಚು

ಒಂದು ಎತ್ವ ಬಿದ್ದುಹೋಗಿದೆ ಎಂದು ಹೇಳಲು ಪ್ರೊಫೆಸರರೊಬ್ಬರ ಬಾಗಿಲು ತಟ್ಟಬಹುದೇ? ಶಾಂಭವಿಯ ಚಿಂತೆ ಅಷ್ಟೇ. ಯಾರಿಗಾದರೂ ಹೇಳಿದರೆ ನಕ್ಕಾರು ಎಂದು ಅವಳು ಅದನ್ನು ತನಗೆ ತಾನೇ ಹೇಳಿಕೊಂಡಳು, ಅದೂ ಸಣ್ಣ ದನಿಯಲ್ಲಿ. ಮನಸ್ಸಿನೊಳಗೂ ಗಟ್ಟಿಯಾಗಿ ಮಾತಾಡಿ ಅಭ್ಯಾಸವಿಲ್ಲದ ಹುಡುಗಿ.

ಎದುರಿಗೆ ತಾಂತ್ರಿಕ ವಿಶ್ವವಿದ್ಯಾಲಯದ ಕಾರಿಡಾರಿನಲ್ಲಿ ಆಳೆತ್ತರದ ಫ್ಲೆಕ್ಸು ತೂಗುತ್ತಿತ್ತು. 'ಗಣಿ ಕೆಸರಿನಿಂದ ಹಂಚು: ಮೂರು ವಿಭಾಗಗಳ ಮಹಾ ಸಂಶೋಧನೆ.' ಕೆಳಗೆ ಮೂವರು ಪ್ರೊಫೆಸರರು ಮದುಮಕ್ಕಳಂತೆ ನಗುತ್ತಿದ್ದರು. ಮಟೀರಿಯಲ್ ಸೈನ್ಸಿನ ವಾಸುದೇವ ಸರ್, ಮೆಕ್ಯಾನಿಕಲ್ಲಿನ ಈಶ್ವರ್ ಸರ್, ಬಿಸಿನೆಸ್ ವಿಭಾಗದ ಮುರುಗೇಶ್ ಸರ್. ಅವರ ಸಂಶೋಧನಾ ವಿದ್ಯಾರ್ಥಿನಿ ಶಾಂಭವಿಯ ಹೆಸರೂ ಇತ್ತು. ಫ್ಲೆಕ್ಸು ಕಟ್ಟಿದ ಹಗ್ಗದ ಗಂಟನ್ನು ಸ್ವಲ್ಪ ಸರಿಸಿದರೆ ಕಾಣುತ್ತಿತ್ತು.

ಮೈಸೂರು ಕಡೆಯ ವಾಸುದೇವ ಸರ್ ಬರೆದುಕೊಟ್ಟದ್ದು 'ಹೆಂಚು', ಅಂದರೆ ಮನೆಯ ಮೇಲೆ ಹೊದಿಸುವುದು. ಹೊಸಪೇಟೆಯ ಫ್ಲೆಕ್ಸ್ ಅಂಗಡಿಯವನು, ಇಷ್ಟು ಓದಿದ ಮನುಷ್ಯನಿಗೆ ಕನ್ನಡ ಬರುವುದಿಲ್ಲವಲ್ಲ ಎಂದು ಮರುಗಿ, ಎತ್ವ ಕಿತ್ತುಹಾಕಿ 'ಹಂಚು' ಎಂದು ತಿದ್ದಿಬಿಟ್ಟಿದ್ದ. ಈ ಸೀಮೆಯ ಮನೆಗಳಿಗೆ ಮಣ್ಣಿನ ಮಾಳಿಗೆ ಇದೆ, ಚಪ್ಪಡಿ ಇದೆ, ತಗಡು ಇದೆ, ಈಗೀಗ ಆರ್‌ಸಿಸಿ ಇದೆ. ಹಂಚು ಇರುವುದು ಒಂದೇ ಕಡೆ, ಒಲೆಯ ಮೇಲೆ. ಅದರ ಮೇಲೆ ಜೋಳದ ರೊಟ್ಟಿ. ವಾಸುದೇವ ಸರ್ ಮನೆಯಲ್ಲಿ ಅದಕ್ಕೆ ಕಾವಲಿ ಎನ್ನುತ್ತಿದ್ದರು. ಹೀಗಾಗಿ ಫ್ಲೆಕ್ಸು ನೋಡಿ ಅವರಿಗೆ ಅನುಮಾನವೇ ಬರಲಿಲ್ಲ. ನೆಲದ ಸೊಗಡು ಎಂದುಕೊಂಡು ಖುಷಿಪಟ್ಟರು.

ಕೊನೆಗೆ ಶಾಂಭವಿ ಬಾಗಿಲು ತಟ್ಟಿದಳು.

"ಸರ್, ಫ್ಲೆಕ್ಸಿನಾಗ ಹಂಚು ಅಂತ ಆಗೇತ್ರಿ..."

"ನೋಡಿದೆನಮ್ಮ. ಚೆನ್ನಾಗಿದೆ. ಲೋಕಲ್ ಟಚ್ ಬಂದಿದೆ."

"ಇಲ್ಲಿ ಹಂಚು ಅಂದ್ರ ಸರ್..."

"ಕೂತ್ಕೊ. ನಿನ್ನಲ್ಲಿ ಒಂದು ದೋಷ ಇದೆ, ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಬಾಯಿಬಿಟ್ಟು ಮಾತೇ ಆಡಲ್ಲ."

ಆಮೇಲೆ ವಾಸುದೇವ ಸರ್ ಮಾತಿನ ಮಹತ್ವದ ಬಗ್ಗೆ ಮಾತಾಡಿದರು. ಜಗತ್ತಿನ ದೊಡ್ಡ ದೊಡ್ಡ ವಿಜ್ಞಾನಿಗಳು ಹೇಗೆ ಧೈರ್ಯವಾಗಿ ಮಾತಾಡಿದರು, ತಾವು ಹುಡುಗನಾಗಿದ್ದಾಗ ಹೇಗೆ ಮಾತಾಡಿದರು, ಹೆಣ್ಣುಮಕ್ಕಳು ಯಾಕೆ ಇನ್ನೂ ಹೆಚ್ಚು ಮಾತಾಡಬೇಕು. ಶಾಂಭವಿ ನಡುವೆ ತುಟಿ ಬಿಚ್ಚಿದಾಗಲೆಲ್ಲ ಅಂಗೈ ಎತ್ತಿ, "ಇರು, ಮುಗಿಸಿಬಿಡ್ತೀನಿ" ಎಂದರು. ಮುಗಿದ ಮೇಲೆ ಕನ್ನಡಕ ಒರೆಸಿಕೊಂಡು, "ಈಗ ಹೇಳು, ಏನು ಹೇಳೋಕೆ ಬಂದೆ?" ಎಂದರು. ಅವಳು ಉಸಿರು ಎಳೆದುಕೊಂಡಳು. ಅವರ ಫೋನು ರಿಂಗಾಯಿತು. ಕೈಸನ್ನೆಯಲ್ಲೇ ಹೋಗು ಎಂದರು. ಬಾಗಿಲು ದಾಟುವಾಗ ಹಿಂದಿನಿಂದ ದನಿ ಬಂತು: "ನೋಡಿದ್ಯಾ, ಮತ್ತೆ ಏನೂ ಹೇಳದೆ ಹೊರಟ್ಯಲ್ಲ."

ಆ ಹೆಂಚು ಶಾಂಭವಿಯದೇ. ಅವಳ ಅವ್ವ ಗಂಗಾಂಬಿಕಾ ಚಿತ್ತವಾಡ್ಗಿಯ ಅಂಗನವಾಡಿಯಲ್ಲಿ ಟೀಚರು. ಅಂಗನವಾಡಿಗೆ ಮೇಲೆ ತಗಡು. ಬೇಸಿಗೆಯಲ್ಲಿ ಆ ತಗಡು ಕೆಂಪಗೆ ಕಾದು, ಕೆಳಗೆ ಮಕ್ಕಳು ರೊಟ್ಟಿಯ ಹಾಗೆ ಒಮ್ಮೆ ಆ ಮಗ್ಗುಲು ಒಮ್ಮೆ ಈ ಮಗ್ಗುಲು ಹೊರಳಿ ಬೇಯುತ್ತಿದ್ದವು. ಶಾಂಭವಿ ಸಂಡೂರಿನ ಗಣಿಯ ಕೆಂಪು ಕೆಸರಿಗೆ ಕಂಪ್ಲಿಯ ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿ ಬೆರೆಸಿ, ಒಂದು ರಾಸಾಯನಿಕ ಅಂಟಿನಲ್ಲಿ ಕಲಸಿ, ಅಚ್ಚಿಗೊತ್ತಿ ಹೆಂಚು ಮಾಡಿದ್ದಳು. ಹಗುರ, ತಂಪು. ಹೊಸಪೇಟೆಯ ಬಿಸಿಲಿಗೆ ಜಗ್ಗುತ್ತಿರಲಿಲ್ಲ. ಬೆಂಕಿಗೆ ಮಾತ್ರ ಆಗದು. ಒಲೆಯ ಉರಿ ತಗುಲಿದರೆ ಅಂಟು ಕರಗಿ ವಿಷದ ಹೊಗೆ ಬರುವಂಥದ್ದು. ಹೆಂಚಿಗೆ ಉರಿ ಎಲ್ಲಿಂದ ಬರಬೇಕು ಎಂದು ಅವಳು ಆ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ. ಮೊದಲ ಹೆಂಚುಗಳು ಅವ್ವನ ಅಂಗನವಾಡಿಯ ಮೇಲೆ ಏರಬೇಕು, ಮುಂದಿನ ಬೇಸಿಗೆಗೆ ಮಕ್ಕಳು ಮಲಗಿ ನಿದ್ದೆ ಮಾಡಬೇಕು. ಅವಳಿಗೆ ಬೇಕಿದ್ದದ್ದು ಇದೊಂದೇ.

ಅಷ್ಟರಲ್ಲಿ ಮುರುಗೇಶ್ ಸರ್ ಮಾರುಕಟ್ಟೆ ಸಮೀಕ್ಷೆಗೆ ಹೊರಟರು. ಅವರು ಕಂಪ್ಲಿಯವರು, ರೊಟ್ಟಿ ತಿಂದು ಬೆಳೆದವರು. ಯೋಜನೆಯ ಪ್ರಸ್ತಾವನೆ ಇಂಗ್ಲಿಷಿನಲ್ಲಿತ್ತು, ದಪ್ಪಗಿತ್ತು. ಫ್ಲೆಕ್ಸು ಕನ್ನಡದಲ್ಲಿತ್ತು. ಅವರು ಫ್ಲೆಕ್ಸು ಓದಿದರು. ಚಿತ್ತವಾಡ್ಗಿಯ ಓಣಿ ಓಣಿ ತಿರುಗಿ ಹೆಣ್ಣುಮಕ್ಕಳನ್ನು "ನಿಮಗ ಎಂಥಾ ಹಂಚು ಬೇಕ್ರಿ?" ಎಂದು ಕೇಳಿ, ಬೆವರೊರೆಸಿಕೊಳ್ಳುತ್ತ ಸಭೆಗೆ ಬಂದರು.

"ಡಿಮ್ಯಾಂಡು ಭಯಂಕರ ಐತ್ರಿ ಸರ್. ಹಂಚಿಲ್ಲದ ಮನಿ ಒಂದೂ ಇಲ್ಲ."

ವಾಸುದೇವ ಸರ್‌ಗೆ ಆಶ್ಚರ್ಯ. "ಹೌದಾ? ನಾನು ದಿನಾ ಅದೇ ದಾರೀಲಿ ಬರ್ತೀನಿ, ಒಂದೂ ಕಾಣಲ್ವಲ್ಲ."

"ಹೊರಗ ಹೆಂಗ ಕಾಣಸ್ತಾವ ಸರ್? ಒಳಗ ಇರ್ತಾವ."

"ಒಳಗಾ?"

"ಫಾಲ್ಸ್ ಸೀಲಿಂಗು," ಎಂದು ಈಶ್ವರ್ ಸರ್ ಗಂಭೀರವಾಗಿ ತಲೆಯಾಡಿಸಿದರು. ಅವರು ಸಭೆಯಲ್ಲಿ ಮಾತಾಡುವುದು ಕಡಿಮೆ. ಆಡಿದರೆ ಅದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

"ಒಂದು ಮನೆಗೆ ಎಷ್ಟು ಬೇಕಾಗುತ್ತೆ?"

"ಒಂದು ಸಾಕ್ರಿ. ಮಂದಿ ಭಾಳ ಇದ್ರ ಎರಡು."

ವಾಸುದೇವ ಸರ್ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ತೆರೆದಾಗ ಅವುಗಳಲ್ಲಿ ಜ್ಞಾನೋದಯವಿತ್ತು. "ರಿಪೇರಿ! ಒಡೆದ ಒಂದೋ ಎರಡೋ ಬದಲಾಯಿಸ್ತಾರೆ. ಇದು ರಿಪ್ಲೇಸ್‌ಮೆಂಟ್ ಮಾರ್ಕೆಟ್ಟು ಕಣ್ರೀ. ಇನ್ನೇನು ಕೇಳಿದ್ರು?"

"ದುಂಡಗಿರ್ಬೇಕಂತ. ಕಾದ್ರ ಬಿರಿಬಾರ್ದಂತ. ಎಣ್ಣಿ ಸವರಿ ಪಳಗಸ್ತಾರಂತ. ಮತ್ತ ಹಿಡಿಕಿ ಬೇಕಂತಾರ ಸರ್, ಕೈ ಸುಡತೈತಿ ಅಂತ."

"ಪಾಪ, ನಡು ಮಧ್ಯಾಹ್ನ ಮೇಲೆ ಹತ್ತಿ ಎತ್ತಿಡೋರಿಗೆ ಕೈ ಸುಡದೆ ಇರುತ್ತಾ? ದುಂಡಗೆ ಯಾಕೆ?"

"ಮೀನಿನ ಹುರುಪೆ," ಎಂದರು ಈಶ್ವರ್ ಸರ್. "ಒಂದರ ಮೇಲೊಂದು." ಅಷ್ಟರಲ್ಲಿ ಅವರು ದುಂಡು ಹೆಂಚನ್ನೂ ಅದಕ್ಕೊಂದು ಉದ್ದನೆಯ ಹಿಡಿಕೆಯನ್ನೂ ಬರೆದು ಮುಗಿಸಿದ್ದರು.

ಮೂಲೆಯಲ್ಲಿ ಕುಳಿತ ಶಾಂಭವಿ ಆ ಚಿತ್ರ ನೋಡಿದಳು. ದುಂಡು ಹೆಂಚುಗಳನ್ನು ಹಿಡಿಕೆ ಸಮೇತ ಅಂಗನವಾಡಿಯ ಮೇಲೆ ಜೋಡಿಸಿದರೆ ಸಂದುಗಳಲ್ಲಿ ಸೂರ್ಯ ಅಳಿಯನ ಹಾಗೆ ಆರಾಮಾಗಿ ಇಳಿದು ಬರುತ್ತಾನೆ. ಅವಳು ಎದ್ದು ನಿಂತಳು. ಅವಳ ಮಟ್ಟಿಗೆ ಅದೇ ಒಂದು ದಂಗೆ.

"ಸರ್, ಅವ್ರು ಕೇಳಿದ್ದು ರೊಟ್ಟಿ..."

"ರೊಟ್ಟಿ ಹೇಳಿದ್ಯಾ?" ವಾಸುದೇವ ಸರ್ ಗಡಿಯಾರ ನೋಡಿದರು. "ಒಳ್ಳೇದಾಯ್ತು. ಹಸಿವು ಶುರುವಾಯ್ತು ನನಗೂ."

"ಹೂಂ ತಂಗಿ, ಜಲ್ದಿ ಫೋನ್ ಹಚ್ಚು ದುರುಗವ್ವನ ಖಾನಾವಳಿಗೆ," ಎಂದರು ಮುರುಗೇಶ್ ಸರ್. "ಎಣಗಾಯಿ ಇರಲಿ. ಚಟ್ನಿಪುಡಿ ಮರೀಬ್ಯಾಡಂತ ಹೇಳು."

ಸಂಶೋಧನೆಯ ಇತಿಹಾಸದಲ್ಲಿ ಆಕ್ಷೇಪಣೆಯೊಂದು ಎಣಗಾಯಿಯಾಗಿ ಬಡಿಸಲ್ಪಟ್ಟದ್ದು ಅದೇ ಮೊದಲಿರಬೇಕು. ಊಟವಾದ ಮೇಲೆ ಮುರುಗೇಶ್ ಸರ್ ಒಬ್ಬರೇ ಸಿಕ್ಕಾಗ ಅವಳು ಇನ್ನೊಮ್ಮೆ ಪ್ರಯತ್ನಪಟ್ಟಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟು, "ತಂಗಿ, ಮಾತಾಡಬೇಕಾದ್ದು ನಾವಲ್ಲ, ಡೇಟಾ" ಎಂದು ಕೈತೊಳೆಯಲು ಹೋದರು.

ಶಾಂಭವಿಯ ಮನೆಯಲ್ಲಿ ಕಥೆ ಇನ್ನೂ ಮುಂದೆ ಹೋಗಿತ್ತು. ದುರುಗವ್ವ ಖಾನಾವಳಿಯ ಒಡತಿ ಮಾತ್ರವಲ್ಲ, ಪಕ್ಕದ ಮನೆಯವಳೂ ಹೌದು. ಅವಳು ಕಟ್ಟೆಯ ಮೇಲೆ ಕುಳಿತು ಓಣಿಗೆಲ್ಲ ಕೇಳುವ ಹಾಗೆ ಗಂಗಾಂಬಿಕಾಳನ್ನು ವಿಚಾರಿಸುತ್ತಿದ್ದಳು.

"ಅಲ್ಲ ಟೀಚರವ್ವಾ, ಇಷ್ಟು ಓದಿ ನಿನ್ನ ಮಗಳು ಮಾಡಿದ್ದು ಹಂಚೇನು? ನಮ್ಮ ಕಮ್ಮಾರ ಓದಲಾರದೇ ಮಾಡ್ತಾನಲ್ಲ."

"ಅದು ಬ್ಯಾರೆ ಇರ್ಬೇಕ್ ಬಿಡು, ದುರುಗವ್ವ."

"ಬ್ಯಾರೆ ಅಂದ್ರ? ರೊಟ್ಟಿ ತಾನ ತಿರುವಿ ಹಾಕತೈತೇನು?"

ಒಳಗೆ ಶಾಂಭವಿಯ ಸೋದರಮಾವ ಕೊಟ್ರಯ್ಯ ಸಂಭ್ರಮದಲ್ಲಿದ್ದ. ಹೊಸಪೇಟೆ ಬಜಾರಿನಲ್ಲಿ ಅವನದು ಪಾತ್ರೆ ಅಂಗಡಿ. ಸಂಶೋಧನೆ ಎಂಬುದು ತನ್ನ ಅಂಗಡಿಯ ಮಟ್ಟಕ್ಕೆ ಇಳಿದು ಬರುತ್ತದೆ ಎಂದು ಅವನು ಕನಸಲ್ಲೂ ಎಣಿಸಿರಲಿಲ್ಲ. ಬಂದಮೇಲೆ ಬಿಡುವವನೂ ಅಲ್ಲ.

"ಮಾವ, ಅದು ರೊಟ್ಟಿ ಹಂಚಲ್ಲ," ಎಂದಳು ಶಾಂಭವಿ.

"ಗೊತ್ತವ್ವ, ದ್ವಾಸಿನೂ ಹಾಕ್ಬೋದು. ನಿಮ್ಮ ಮುರುಗೇಶ್ ಸರ್ ನಮ್ಮಂಗಡಿಗೆ ಬಂದಿದ್ರು. ಏಜೆನ್ಸಿ ನನಗ ಅಂದ್ರು. ಬೋರ್ಡಿಗೆ ನಿನ್ನ ಫೋಟೊ ಹಾಕ್ಸೀನಿ, 'ಶಾಂಭವಿ ಹಂಚು' ಅಂತ. ಮಸ್ತ್ ಬಂದೈತಿ."

"ನನ್ನ ಫೋಟೊ ಯಾರ್ ಕೊಟ್ರು?"

"ನಿಮ್ಮವ್ವನ್ನ ಕೇಳಿದೆ, ಗಂಡಿನವ್ರಿಗೆ ತೋರ್ಸಾಕ ತೆಗಿಸಿದ್ದಿತ್ತಲ್ಲ, ಅದ ಕೊಟ್ಲು. ಬಲಗೈಯಾಗ ಹಂಚು ಹಿಡಿದಂಗ ಕಂಪ್ಯೂಟರಿನಾಗ ಕೂಡಿಸ್ಯಾರ."

"ಮಾವ, ಒಂದ್ ನಿಮಿಷ ನನ್ನ ಮಾತು..."

"ನೀ ಮಾತಾಡೋ ಹುಡುಗಿ ಅಲ್ಲವ್ವ. ಅದಕ್ಕ ನಾ ಅದೀನಿ." ಕೊಟ್ರಯ್ಯ ಚಪ್ಪಲಿ ಮೆಟ್ಟಿ ನಡೆದ.

ರಾತ್ರಿ ತಾಯಿ ತಟ್ಟೆಗೆ ರೊಟ್ಟಿ ಹಾಕುವಾಗ ಶಾಂಭವಿ ಎಲ್ಲವನ್ನೂ ಹೇಳಿದಳು. ಎತ್ವದಿಂದ ಹಿಡಿದು ಹಿಡಿಕೆಯವರೆಗೆ. ಗಂಗಾಂಬಿಕಾ ಕೇಳಿ ಮುಗಿಸಿ, ಹಂಚನ್ನು ಒಲೆಯಿಂದ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಂಗಾದ್ರ ಹೇಳಬೇಕಿಲ್ಲ ಅವ್ರಿಗೆ?"

"ಹೇಳ್ದೆನಲ್ಲವ್ವ."

"ಯಾರಿಗೆ ಕೇಳಸಂಗ ಹೇಳ್ದಿ?"

ಶಾಂಭವಿ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು. ಉಪ್ಪಿನಕಾಯಿ ಎಗರಿತು. ಅಷ್ಟು ದಿನಗಳಲ್ಲಿ ಅವಳ ಕಡೆಯಿಂದ ಬಂದ ಮೊದಲ ದೊಡ್ಡ ಶಬ್ದ ಅದು.

ಸಮಾರಂಭದ ದಿನ ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಹಿಂದೆ ಹೊಸ ಫ್ಲೆಕ್ಸು: 'ಹಂಚು ಹಂಚುವ ಸಮಾರಂಭ.' ಫ್ಲೆಕ್ಸ್ ಅಂಗಡಿಯವನಿಗೆ ಈ ಸಲ ತಿದ್ದುವ ಕೆಲಸವೇ ಬೀಳದೆ ಬೇಸರವಾಗಿತ್ತಂತೆ. ಮೊದಲ ಸಾಲಿನಲ್ಲಿ ಕೊಟ್ರಯ್ಯ ಇಸ್ತ್ರಿ ಅಂಗಿಯಲ್ಲಿ ಕುಳಿತಿದ್ದ. ಹಿಂದೆ ಚಿತ್ತವಾಡ್ಗಿಯ ಹೆಂಗಸರು, ಅಲ್ಲೇ ಒಂದು ಮೂಲೆಯಲ್ಲಿ ಗಂಗಾಂಬಿಕಾ. ಕೈಗಾರಿಕೆ ಇಲಾಖೆಯ ದೊಡ್ಡ ಸಾಹೇಬರು ಮುಖ್ಯ ಅತಿಥಿ. ಮೇಜಿನ ಮೇಲೆ ದುಂಡಗಿನ ಕೆಂಪು ಹೆಂಚುಗಳು ಹಿಡಿಕೆ ಚಾಚಿಕೊಂಡು ಸಾಲಾಗಿ ಬಿದ್ದಿದ್ದವು. ಅದನ್ನು ಕಂಡು, ಇದು ಮನೆಯ ಮೇಲೆ ಹೊದಿಸುವ ವಸ್ತು ಎಂದು ಹೇಳಬಲ್ಲವರು ವೇದಿಕೆಯಲ್ಲಿ ಮೂವರೇ. ವಾಸುದೇವ ಸರ್, ಈಶ್ವರ್ ಸರ್ ಇಬ್ಬರು. ಇನ್ನೊಬ್ಬಳ ಕೈಗೆ ಶಾಲು, ಹಣ್ಣು, ತೆಂಗಿನಕಾಯಿಯ ತಟ್ಟೆ ಕೊಟ್ಟು ವೇದಿಕೆಯ ಅಂಚಿಗೆ ನಿಲ್ಲಿಸಿದ್ದರು.

"ಈ ಮಗು ನಮ್ಮ ಲ್ಯಾಬಿನಲ್ಲಿ ಸಹಾಯ ಮಾಡುತ್ತೆ," ಎಂದು ವಾಸುದೇವ ಸರ್ ಸಾಹೇಬರಿಗೆ ಪರಿಚಯಿಸಿದರು. ಸಾಹೇಬರು ತಟ್ಟೆಯಲ್ಲಿದ್ದ ಸೇಬುಗಳಿಗೆ ನಮಸ್ಕಾರ ಮಾಡಿದರು.

ಹೆಂಚು ಹಂಚಿ ಆಮೇಲೆ ಊಟ, ಅಷ್ಟೇ ಕಾರ್ಯಕ್ರಮ ಎಂದು ಶಾಂಭವಿ ತಿಳಿದಿದ್ದಳು. ಇಂದು ಹಂಚಿಬಿಡಲಿ, ನಾಳೆ ಅವ್ವನನ್ನು ಕರೆದುಕೊಂಡು ಮನೆ ಮನೆಗೂ ಹೋಗಿ ತಿಳಿಸಿದರಾಯಿತು ಎಂದು ಧೈರ್ಯ ತಂದುಕೊಂಡಿದ್ದಳು. ಆಗ ಮುರುಗೇಶ್ ಸರ್ ಮೈಕು ಹಿಡಿದರು.

"ಈಗ ನಿಮಗೆಲ್ಲ ಒಂದು ಸರ್‌ಪ್ರೈಸ್. ಲೈವ್ ಡೆಮೊ."

ಪರದೆಯ ಹಿಂದಿನಿಂದ ದುರುಗವ್ವ ಬಂದಳು. ಹೊಸ ಇಳಕಲ್ ಸೀರೆ. ಹಿಂದೆ ಇಬ್ಬರು ಗ್ಯಾಸ್ ಒಲೆ, ಸಿಲಿಂಡರು, ಹಿಟ್ಟು ನಾದುವ ಕೊಣಮಿಗೆ ಹೊತ್ತು ತಂದರು. ಸಭೆ ಚಪ್ಪಾಳೆ ತಟ್ಟಿತು. ದುರುಗವ್ವ ಕೈಮುಗಿದು, "ರೊಟ್ಟಿ ಉಬ್ಬಲಿಲ್ಲಂದ್ರ ಅದು ಹಂಚಿನ ತಪ್ಪು, ನನ್ನ ಕೈದಲ್ಲ. ಮೊದ್ಲ ಹೇಳೀನಿ" ಎಂದು ಕುಳಿತಳು.

ಶಾಂಭವಿ ಮುರುಗೇಶ್ ಸರ್ ಹತ್ತಿರ ಹೋದಳು. "ಸರ್, ಬೆಂಕಿ ಹಚ್ಚಬ್ಯಾಡ್ರಿ."

"ಶ್, ಅತ್ಲಾಗ ಸರಿ ತಂಗಿ, ಫೋಟೊದಾಗ ಅಡ್ಡ ಬರ್ತಿ," ಎಂದರು ಮುರುಗೇಶ್ ಸರ್.

ಅವಳು ವಾಸುದೇವ ಸರ್ ಕಡೆ ತಿರುಗಿದಳು. "ಸರ್, ಬೆಂಕಿ ಸರ್, ಅಂಟು..."

"ಇರು, ನೋಡೋಣ." ವಾಸುದೇವ ಸರ್ ಮುಖ ಅರಳಿತ್ತು. ಪಕ್ಕದ ಈಶ್ವರ್ ಸರ್ ಕಡೆ ಬಾಗಿದರು. "ಅಗ್ನಿ ಪರೀಕ್ಷೆ. ಹೇಳಲೇ ಇಲ್ಲ ನೋಡಿ ಮುರುಗೇಶು, ಬುದ್ಧಿವಂತ. ಅದ್ಸರಿ, ಆ ಹಿಟ್ಟು ಯಾಕೆ ತಂದಿದ್ದಾರೆ?"

ಈಶ್ವರ್ ಸರ್ ಕ್ಷಣ ಯೋಚಿಸಿದರು. "ಟೆಂಪರೇಚರ್ ಇಂಡಿಕೇಟರು."

ಉರಿ ಹತ್ತಿತು. ದುರುಗವ್ವ ರೊಟ್ಟಿ ಬಡಿದು ಹಾಕಿ ನೀರು ಸವರಿದಳು. ರೊಟ್ಟಿಯ ವಾಸನೆ ಬರಬೇಕಾದಲ್ಲಿ ಟೈರು ಸುಟ್ಟ ವಾಸನೆ ಬಂತು. ಹಳದಿ ಹೊಗೆಯ ಎಳೆಯೊಂದು ಎದ್ದು ವೇದಿಕೆಯ ಗಣ್ಯರನ್ನು ಒಬ್ಬೊಬ್ಬರಾಗಿ ಮಾತಾಡಿಸಿಕೊಂಡು ಹೋಯಿತು. ಸಾಹೇಬರು ಕೆಮ್ಮಿದರು. ದುರುಗವ್ವ ಕೆಮ್ಮಿದಳು, ಕೆಮ್ಮುತ್ತಲೇ ಸಮಜಾಯಿಷಿ ಕೊಟ್ಟಳು: "ಹೊಸಾ ಹಂಚು, ಇನ್ನ ಪಳಗಿಲ್ರಿ." ಅಲ್ಲಲ್ಲಿ ಕೆಂಪು ಅಂಟಿದ ರೊಟ್ಟಿಯನ್ನು ಎತ್ತಿ ಬೆಣ್ಣೆ ಹಾಕಿ ಸಾಹೇಬರ ಮುಂದಿಟ್ಟಳು. ಫೋಟೊದವರು ಮುಂದೆ ನುಗ್ಗಿದರು. ಸಾಹೇಬರು, ಸರ್ಕಾರಿ ಕೆಲಸದಲ್ಲಿ ಇಂಥದ್ದೆಲ್ಲ ಇದ್ದದ್ದೇ ಎಂಬ ಮುಖದಲ್ಲಿ, ಒಂದು ತುಣುಕು ಮುರಿದು ಬಾಯಿಗೆ ಎತ್ತಿದರು.

ಶಾಂಭವಿ ತಟ್ಟೆ ಬಿಟ್ಟುಬಿಟ್ಟಳು. ಸೇಬು ಒಂದು ಕಡೆ, ತೆಂಗಿನಕಾಯಿ ಒಂದು ಕಡೆ ಉರುಳಿದವು. ನಾಲ್ಕು ಹೆಜ್ಜೆ ಓಡಿ, ಸಾಹೇಬರ ಕೈ ಮೇಲೆ ಹೊಡೆದು, ತುಣುಕು ಬೀಳಿಸಿ, ರೊಟ್ಟಿಯನ್ನು ಕಸಿದುಕೊಂಡು ನೆಲಕ್ಕೆ ಒಗೆದಳು. ಬಾಗಿ ಗ್ಯಾಸು ತಿರುವಿದಳು.

ಮೊದಲು ಚೇತರಿಸಿಕೊಂಡವನು ಕೊಟ್ರಯ್ಯ. "ಹುಡುಗಿ ಮುಂಜಾನಿಂದ ಏನೂ ತಿಂದಿಲ್ರಿ," ಎಂದು ಎದ್ದುನಿಂತು ಸಭೆಗೆ ವಿವರಿಸಿದ. "ಹಸಿವಾಗೇತಿ."

"ತಿನ್ನಾಕ ಕಸಗೊಂಡಾಕಿ ನೆಲಕ್ಕ ಯಾಕ ಒಗೀತಾಳ?" ಎಂದು ಹಿಂದಿನಿಂದ ಒಬ್ಬಾಕೆ ಕೇಳಿದಳು.

"ಎಮೋಷನ್ ಸರ್, ಎಮೋಷನ್," ಎಂದು ಮುರುಗೇಶ್ ಸರ್ ಸಾಹೇಬರ ಅಂಗಿಯ ಮೇಲಿನ ಬೆಣ್ಣೆ ಒರೆಸತೊಡಗಿದರು. "ಮೊದಲ್ನೇ ರೊಟ್ಟಿ ಅಲ್ರಿ, ಹುಡುಗಿಗೆ ತಡಕೊಳ್ಳಾಕ ಆಗಿಲ್ಲ."

ವಾಸುದೇವ ಸರ್ ಮೈಕು ತೆಗೆದುಕೊಂಡರು. "ಸನ್ಮಾನ್ಯರು ದಯವಿಟ್ಟು ಕ್ಷಮಿಸಬೇಕು. ಇವಳು ಸ್ವಲ್ಪ ಸಂಕೋಚದ ಹುಡುಗಿ. ಮಾತು ಬರಲ್ಲ. ಮಾತು ಬರದವರು ಕೆಲವು ಸಲ ಹೀಗೆ ಕೈ..."

ಶಾಂಭವಿ ಮೈಕು ಕಿತ್ತುಕೊಂಡಳು.

"ಇದು ಮನಿ ಮ್ಯಾಲೆ ಹೊದಸೋ ಹೆಂಚು. ಒಲಿ ಮ್ಯಾಲಿನ ಹಂಚಲ್ಲ. ಬೆಂಕಿಗೆ ಇಟ್ರ ವಿಷ. ಯಾರೂ ಒಯ್ಯಬ್ಯಾಡ್ರಿ." ಅವಳ ದನಿ ನಾಲ್ಕೂ ಸ್ಪೀಕರುಗಳಿಂದ ಹೊರಟು ಕಾರಿಡಾರಿನ ಫ್ಲೆಕ್ಸಿನವರೆಗೆ ಹೋಗಿ ವಾಪಸು ಬಂತು. ಅದು ತನ್ನದೇ ದನಿ ಎಂದು ನಂಬಲು ಅವಳಿಗೂ ಒಂದು ಕ್ಷಣ ಬೇಕಾಯಿತು.

ಮುರುಗೇಶ್ ಸರ್ ಕೈಯಲ್ಲಿದ್ದ ಕರವಸ್ತ್ರ ಸಾಹೇಬರ ಎದೆಯ ಮೇಲೇ ನಿಂತಿತು. "ಮನಿ ಮ್ಯಾಲ?" ಎಂದರು.

"ಒಲೆನಾ?" ಎಂದರು ವಾಸುದೇವ ಸರ್.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಇಷ್ಟು ಕಾಲ ಒಂದೇ ಮೇಜಿನ ಸುತ್ತ ಕುಳಿತು ಎರಡು ಬೇರೆ ವಸ್ತುಗಳನ್ನು ಸಂಶೋಧಿಸಿದ್ದೇವೆ ಎಂಬುದು ಅವರ ಮುಖದ ಮೇಲೆ ನಿಧಾನವಾಗಿ, ಹಸಿ ಗೋಡೆಗೆ ನೀರು ಏರಿದ ಹಾಗೆ ಏರಿತು. ಈಶ್ವರ್ ಸರ್ ಒಂದು ಹೆಂಚನ್ನು ಹಿಡಿಕೆ ಹಿಡಿದು ಎತ್ತಿದರು, ರೊಟ್ಟಿ ತಿರುವಿದಂತೆ ಒಮ್ಮೆ ತಿರುವಿದರು, ಮೆಲ್ಲಗೆ ಇಟ್ಟರು.

"ಅದಕ್ಕ ಉಬ್ಬಲಿಲ್ಲ," ಎಂದಳು ದುರುಗವ್ವ ವಿಜಯೋತ್ಸಾಹದಲ್ಲಿ. "ನನ್ನ ಕೈದಲ್ಲ ತಪ್ಪು ಅಂತ ನಾ ಮೊದ್ಲ ಅಂದಿದ್ನೋ ಇಲ್ಲೋ?"

ಸಾಹೇಬರು ಬಾಯಿ ಮುಕ್ಕಳಿಸಲು ನೀರು ಕೇಳಿದರು. ತುಣುಕು ಬಾಯಿಗೆ ಹೋಗಿರಲಿಲ್ಲ, ಆದರೂ ಕೇಳಿದರು. ಆಮೇಲೆ ವಾಸುದೇವ ಸರ್ ಕಡೆ ನೋಡಿದರು. ಆ ನೋಟ ತಮ್ಮ ಮೇಲೆ ಬಿದ್ದೊಡನೆ ವಾಸುದೇವ ಸರ್, ದೊಡ್ಡವರೆಲ್ಲ ಮಾಡುವಂತೆ, ಅದನ್ನು ಕೆಳಗಿನವರಿಗೆ ದಾಟಿಸಿದರು.

"ಅಲ್ಲಮ್ಮ ಶಾಂಭವಿ, ಇಷ್ಟು ದೊಡ್ಡ ವಿಷಯ. ಮೊದಲೇ ಒಂದು ಮಾತು ಹೇಳಬಾರದಾಗಿತ್ತಾ? ಎಷ್ಟು ಸಲ ಬುದ್ಧಿ ಹೇಳಿದ್ದೀನಿ ನಿನಗೆ, ಬಾಯಿಬಿಟ್ಟು ಮಾತಾಡೋದು ಕಲಿ, ಧೈರ್ಯವಾಗಿ..."

ಶಾಂಭವಿ ಅಂಗೈ ಎತ್ತಿದಳು. ಅವರು ಎತ್ತುವ ಹಾಗೆಯೇ. ವಾಸುದೇವ ಸರ್ ಮಾತು ಅಲ್ಲೇ ನಿಂತಿತು. ಹಿಂದಿನ ಸಾಲಿನಲ್ಲಿ ಗಂಗಾಂಬಿಕಾ ಎದ್ದು ನಿಂತಿದ್ದಳು. ಮೈಕು ಇನ್ನೂ ಚಾಲೂ ಇತ್ತು.

"ಹೇಳಿದ್ದೆ ಸರ್. ನೀವು ಮಾತಾಡ್ತಿದ್ರಿ."